ಇಂಡಸ್-2ರ ಬಿಎಲ್-09 ಎಕ್ಸಾಫ್ಸ್ ಬೀಮ್‌ಲೈನ್: ಯಾರಿಗೆ ಸಲ್ಲುತ್ತದೆ, ಯಾರಿಗೆ ಸಲ್ಲುವುದಿಲ್ಲ

ಇಂದೋರಿನ ಆರ್‌ಆರ್‌ಕ್ಯಾಟ್ ಸಂಶೋಧನಾ ಕೇಂದ್ರದಲ್ಲಿರುವ ಇಂಡಸ್-2 ಒಂದು ಸಿಂಕ್ರೊಟ್ರಾನ್: ರಿಂಗಿನಲ್ಲಿ ಸುತ್ತುವ ಎಲೆಕ್ಟ್ರಾನುಗಳು ಎಕ್ಸ್-ರೇ ಸೂಸುತ್ತವೆ, ಅದನ್ನು ಪ್ರಯೋಗಕ್ಕೆ ತರುವ ದಾರಿಯೇ ಬೀಮ್‌ಲೈನ್. ಎಕ್ಸ್-ರೇ ಹೀರಿಕೆಯಲ್ಲಿ ಏಳುವ ಅಲೆಗಳಿಂದ ಪರಮಾಣುವಿನ ನೆರೆಹೊರೆ ತಿಳಿಯುವ ವಿಧಾನ ಎಕ್ಸಾಫ್ಸ್. ಇಲ್ಲಿ ಅದಕ್ಕೆಂದು ಮೊದಲು ಬಂದದ್ದು ಬಿಎಲ್-08. ಅಲ್ಲಿ ಬಾಗಿಸಿದ ಸಿಲಿಕಾನ್ ಹರಳು ಇಡೀ ಶಕ್ತಿಪಟ್ಟಿಯನ್ನು ಒಟ್ಟಿಗೇ ಸ್ಯಾಂಪಲ್ ಮೇಲೆ ಬೀಳಿಸುತ್ತದೆ. ಕೆಲಸ ಬೇಗ ಮುಗಿಯುತ್ತದೆ, ನಿಜ. ಆದರೆ ಎಲ್ಲ ಶಕ್ತಿಗಳೂ ಒಮ್ಮೆಗೇ ಬಿದ್ದಾಗ ಯಾವುದರಿಂದ ಎಷ್ಟು ಫ್ಲೂರೊಸೆನ್ಸ್ (ಎಕ್ಸ್-ರೇ ಹೀರಿದ ಪರಮಾಣು ಮರಳಿ ಸೂಸುವ ಬೆಳಕು) ಬಂತೆಂದು ಬಿಡಿಸಿ ಹೇಳಲಾಗದು. ಹಾಗಾಗಿ ಫ್ಲೂರೊಸೆನ್ಸ್‌ನಿಂದಲೇ ಅಳೆಯಬೇಕಾದ, ಲೋಹದ ಅಂಶ ತೀರಾ ಕಡಿಮೆ ಇರುವ ಮಣ್ಣು, ಪ್ರೋಟೀನ್, ತೆಳುಪದರಗಳಿಗೆ ಅದು ಒದಗುವುದಿಲ್ಲ. ಬಾರ್ಕ್ (ಭಾಭಾ ಪರಮಾಣು ಸಂಶೋಧನಾ ಕೇಂದ್ರ) ತಂಡ ಕಟ್ಟಿದ ಬಿಎಲ್-09 ಜೋಡಿ ಹರಳಿನ ಸಿಲಿಕಾನ್ (111) ಮಾನೊಕ್ರೊಮೇಟರಿನಿಂದ ಒಂದೊಂದೇ ಶಕ್ತಿ ಆರಿಸಿ ಸ್ಕ್ಯಾನ್ ಮಾಡುತ್ತದೆ, ಹಾಗಾಗಿ ಟ್ರಾನ್ಸ್‌ಮಿಷನ್ (ಸ್ಯಾಂಪಲ್ ದಾಟಿ ಬಂದ ಬೆಳಕಿನ ಅಳತೆ), ಫ್ಲೂರೊಸೆನ್ಸ್ ಎರಡೂ ಸಾಧ್ಯ. ಭೌತವಿಜ್ಞಾನಿಗಳ ಜೊತೆ ರಸಾಯನ, ಭೂವಿಜ್ಞಾನದವರೂ ಇತ್ತ ಬರಲು ಇದೇ ಕಾರಣ.

ಬಿಎಲ್-09ರ ವ್ಯಾಪ್ತಿ 4ರಿಂದ 25 ಕೆಇವಿ (ಸಾವಿರ ಎಲೆಕ್ಟ್ರಾನ್‌ವೋಲ್ಟ್; ಇವಿ ಎಂದರೆ ಎಲೆಕ್ಟ್ರಾನ್‌ವೋಲ್ಟ್). ಟೈಟಾನಿಯಂನಿಂದ (4,966 ಇವಿ) ಪಲೇಡಿಯಂವರೆಗೆ (24,350 ಇವಿ) ಕೆ-ಅಂಚುಗಳು (ಪರಮಾಣುವಿನ ಅತಿ ಒಳಗಿನ ಕವಚದ ಎಲೆಕ್ಟ್ರಾನ್ ಕಿತ್ತುಬರುವ, ಹೀರಿಕೆ ಥಟ್ಟನೆ ಏರುವ ಶಕ್ತಿ) ಸಿಗುತ್ತವೆ. ಪ್ಲಾಟಿನಂ, ಚಿನ್ನ, ಸೀಸಕ್ಕೆ ಎಲ್3 ಅಂಚು (ಎರಡನೇ ಕವಚದ್ದು) ಇದೆ. ಗಂಧಕ, ರಂಜಕದ ಆಸೆ ಬೇಡ. ಪಲೇಡಿಯಂ ಕೂಡ ದಡದ ಮೇಲಿದೆ: ಅಂಚಿನಾಚೆ 650 ಇವಿಗೇ ವ್ಯಾಪ್ತಿ ಮುಗಿಯುತ್ತದೆ. ಮೇಲಾಗಿ 2.5 ಜಿಇವಿ ರಿಂಗಿನ 1.5 ಟೆಸ್ಲಾ ಬೆಂಡಿಂಗ್ ಮ್ಯಾಗ್ನೆಟ್ಟಿನ (ಎಲೆಕ್ಟ್ರಾನ್ ದಾರಿ ಬಾಗಿಸುವ ಕಾಂತ) ಕ್ರಿಟಿಕಲ್ ಎನರ್ಜಿ (ಹೊಮ್ಮುವ ವಿಕಿರಣದ ಅರ್ಧ ಪಾಲು ಇದರ ಕೆಳಗಿರುತ್ತದೆ) ಸುಮಾರು 6.2 ಕೆಇವಿ, ಆ ತುದಿಯಲ್ಲಿ ಫೋಟಾನ್ ತೆಳುವಾಗಿರುತ್ತದೆ.

ಸಮಯ ಹಾಳಾಗುವುದು ಹೆಚ್ಚಾಗಿ ಪೆಲೆಟ್‌ನಲ್ಲಿ, ಅಂದರೆ ಪುಡಿ ಒತ್ತಿ ಮಾಡುವ ಬಿಲ್ಲೆಯಲ್ಲಿ. ಅಂಚಿನಲ್ಲಿ ಹೀರಿಕೆಯ ಏರಿಕೆ ಸುಮಾರು 1, ಒಟ್ಟು ಹೀರಿಕೆ (ಒಳಬಂದ, ಹೊರಬಂದ ಬೆಳಕಿನ ಅನುಪಾತದ ಸ್ವಾಭಾವಿಕ ಲಾಗ್) 2.5ರೊಳಗೆ ಇರಬೇಕು. Fe₂O₃ (ಕಬ್ಬಿಣದ ಆಕ್ಸೈಡ್) ಆದರೆ 13 ಮಿ.ಮೀ. ಡೈಗೆ (ಬಿಲ್ಲೆಯ ಅಚ್ಚಿಗೆ) 5-6 ಮಿ.ಗ್ರಾಂ ಸಾಕು, ಅದನ್ನು ಸುಮಾರು 100 ಮಿ.ಗ್ರಾಂ ಬೋರಾನ್ ನೈಟ್ರೈಡ್ ಅಥವಾ ಸೆಲ್ಯುಲೋಸ್ ಜೊತೆ ಅರೆಯಿರಿ. ‘400 ಮೆಶ್ ಜರಡಿ ಹಿಡಿದಿದ್ದೇವಲ್ಲ’ ಎನ್ನುವವರಿಗೆ ಒಂದು ಮಾತು: ಆ ಜರಡಿಯ ಕಣ್ಣು 37 ಮೈಕ್ರಾನ್, ಅಂಚಿನಾಚೆ Fe₂O₃ದ ಹೀರಿಕೆಯ ಉದ್ದ (ಬೆಳಕು ಸುಮಾರು ಮೂರನೇ ಒಂದಕ್ಕೆ ಇಳಿಯುವ ದಪ್ಪ) 7 ಮೈಕ್ರಾನಿನಷ್ಟೇ. ದಪ್ಪ ಕಾಳುಗಳ ನಡುವೆ ಸೋರಿದ ಬೆಳಕು ಅಲೆಗಳ ಎತ್ತರ ತಗ್ಗಿಸುತ್ತದೆ, ನೀವು ಅದನ್ನು ಕೋಆರ್ಡಿನೇಷನ್ ಸಂಖ್ಯೆಯೇ (ನೆರೆಯ ಪರಮಾಣುಗಳ ಎಣಿಕೆ) ಕಡಿಮೆ ಎಂದು ಓದಿಕೊಳ್ಳುತ್ತೀರಿ. ಐಸೊಪ್ರೊಪನಾಲ್‌ನಲ್ಲಿ ಕಲಕಿ, ದಪ್ಪ ಕಾಳು ತಳಕ್ಕಿಳಿದ ಮೇಲೆ ಮೇಲಿನ ದ್ರವದಲ್ಲಿ ತೇಲುವ ನುಣುಪು ಕಾಳನ್ನಷ್ಟೇ ಬಳಸಿ.

ಬೀಮ್ ಸಮಯ ಕೇಳಿ ಪ್ರಪೋಸಲ್ ಬರೆಯುವ ಮೊದಲು ನೆರೆಯ ಧಾತುಗಳ ಅಂಚನ್ನೂ ನೋಡಿಕೊಳ್ಳಿ. ಬ್ಯಾಟರಿಯ ಎನ್ಎಂಸಿ (ನಿಕಲ್-ಮ್ಯಾಂಗನೀಸ್-ಕೋಬಾಲ್ಟ್) ಕ್ಯಾಥೋಡಿನಲ್ಲಿ ಕೋಬಾಲ್ಟ್ (7,709) ಅಳೆಯುವಾಗ ನಿಕಲ್ (8,333) ಅಡ್ಡ ಬರುತ್ತದೆ. 624 ಇವಿ ಅಂತರ ಎಂದರೆ k (ಹೊರಬಿದ್ದ ಎಲೆಕ್ಟ್ರಾನಿನ ತರಂಗ ಸಂಖ್ಯೆ, Å⁻¹ನಲ್ಲಿ) ಸುಮಾರು 12.8ರಲ್ಲಿ ದತ್ತಾಂಶ ನಿಂತಿತು. ಕೋಬಾಲ್ಟ್ ಫೆರೈಟಿನ ಕಬ್ಬಿಣಕ್ಕೆ 12.5. ಬೀಮ್ ಎಷ್ಟೇ ಚೆನ್ನಾಗಿದ್ದರೂ ಇದನ್ನು ದಾಟಲಾಗದು.

ಟೈಟಾನಿಯಂ, ವನೇಡಿಯಂ ಅಳೆಯುವವರು ಹಾರ್ಮೋನಿಕ್ (ಆರಿಸಿದ ಶಕ್ತಿಯ ಎರಡು, ಮೂರು ಪಟ್ಟಿನಲ್ಲಿ ಜೊತೆಗೆ ಬರುವ ಬೆಳಕು) ಮರೆಯಬೇಡಿ. ಸಿಲಿಕಾನ್ (222) ಪ್ರತಿಫಲನ ನಿಷಿದ್ಧ, (333) ಅಲ್ಲ. ಟೈಟಾನಿಯಂ ಅಂಚಿನಲ್ಲಿ ನಿಂತಾಗ 14.9 ಕೆಇವಿಯದೂ ಜೊತೆಗೆ ಬರುತ್ತದೆ. ಎರಡನೇ ಹರಳನ್ನು ತೀವ್ರತೆ 60 ಶೇಕಡಕ್ಕೆ ಇಳಿಯುವಷ್ಟು ತಿರುಗಿಸಿದರೆ ಬಹುಪಾಲು ಹೋಗುತ್ತದೆ.

ಇಲ್ಲಿ ಟಾಪ್-ಅಪ್ ಇಲ್ಲ. ಬೂಸ್ಟರ್ (ರಿಂಗಿಗೆ ಮುಂಚಿನ ವೇಗವರ್ಧಕ) ಎಲೆಕ್ಟ್ರಾನುಗಳನ್ನು ಕೊಡುವುದು 550 ಎಂಇವಿಯಲ್ಲಿ, ರಿಂಗೇ ಅವನ್ನು 2.5 ಜಿಇವಿಗೆ ಏರಿಸುತ್ತದೆ; ಆದ್ದರಿಂದ ಬೀಮ್ ಇರುವಾಗಲೇ ತುಂಬಿಸುವಂತಿಲ್ಲ. ರಿಂಗಿನ ಎಲೆಕ್ಟ್ರಾನ್ ಕರೆಂಟ್ ಇಳಿದಂತೆ ಮೊದಲ ಹರಳಿನ ಮೇಲಿನ ಶಾಖವೂ ಇಳಿಯುತ್ತದೆ, ಶಕ್ತಿ ಕೊಂಚ ಜರುಗುತ್ತದೆ. ಹಾಗಾಗಿ ಶಕ್ತಿ ಸರಿನೋಡಲು ಬೆಳಿಗ್ಗೆ ಒಮ್ಮೆ ಲೋಹದ ಹಾಳೆ ಅಳೆದು ಸುಮ್ಮನಾಗಬೇಡಿ: ಆ ಹಾಳೆಯನ್ನು ಎರಡನೇ, ಮೂರನೇ ಅಯಾನ್ ಚೇಂಬರುಗಳ (ಬೆಳಕಿನ ತೀವ್ರತೆ ಅಳೆಯುವ ಅನಿಲದ ಕೋಣೆಗಳು) ನಡುವೆ ಇಟ್ಟು ಪ್ರತಿ ಸ್ಕ್ಯಾನಿಗೂ ಜೊತೆಗೇ ಅಳೆಯಿರಿ.

ಫ್ಲೂರೊಸೆನ್ಸ್‌ನಲ್ಲಿ ಬೀಮಿಗೆ ಸ್ಯಾಂಪಲ್ 45 ಡಿಗ್ರಿಗೆ, ಡಿಟೆಕ್ಟರ್ ಅದೇ ಅಡ್ಡ ಸಮತಲದಲ್ಲಿ 90 ಡಿಗ್ರಿಗೆ. ಧ್ರುವೀಕರಣದಿಂದ ಚದುರಿದ ಬೆಳಕು ಅಲ್ಲಿ ಕನಿಷ್ಠ. ಸಾಂದ್ರ ಪುಡಿಯನ್ನು ಈ ವಿಧಾನಕ್ಕೆ ತರಬೇಡಿ, ಸ್ವಯಂಹೀರಿಕೆ ಅಲೆಗಳನ್ನು ಚಪ್ಪಟೆ ಮಾಡುತ್ತದೆ. ಕಬ್ಬಿಣ ಹತ್ತಾರು ಪಿಪಿಎಂ ಮಾತ್ರ ಇದ್ದರೆ ಅಂಡ್ಯುಲೇಟರ್ (ಹೆಚ್ಚು ಪ್ರಖರ ಬೆಳಕು ಕೊಡುವ ಕಾಂತಗಳ ಸಾಲು) ಬೀಮ್‌ಲೈನೇ ಮೇಲು. ಜರ್ಮನಿಯ ಪೆಟ್ರಾ-3 ಸಿಂಕ್ರೊಟ್ರಾನಿಗೆ ಬೆಂಗಳೂರಿನ ಜೆಎನ್‌ಸಿಎಎಸ್‌ಆರ್ ಸಂಶೋಧನಾ ಸಂಸ್ಥೆಯ ಮೂಲಕ ಅರ್ಜಿ ಹಾಕಬಹುದು.