ಬೆನ್ನು ತಿರುಗಿಸುವ ಓಲೆ: ಹುರಿ ದಾರವೋ, ಹೆಣೆದ ದಾರವೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹೆಣೆದ ನೈಲಾನ್ ದಾರಕ್ಕೆ. ಪುಟಾಣಿ ಪುಸ್ತಕ, ಕುರ್ಚಿ, ಟೈಪ್‌ರೈಟರ್ ತರಹದ ಮಿನಿಯೇಚರ್‌ಗಳನ್ನು ನೇತುಹಾಕಿ ಕಿವಿಯೋಲೆ ಮಾಡುವವರು ಹುರಿ ದಾರದ ದೊಡ್ಡ ಉಂಡೆ ಕೊಳ್ಳುವ ಮುಂಚೆ ಇದನ್ನು ಓದಲಿ ಅಂತ ಬರೆಯುತ್ತಿದ್ದೇನೆ.

ಹತ್ತಿಯ ಹುರಿ ದಾರ ನೋಡೋಕೆ ಚೆಂದ, ಅದರಲ್ಲಿ ಎರಡು ಮಾತಿಲ್ಲ. ಮೇಣ ಸವರಿದ್ದಾದರೆ ಗಂಟು ಹಾಕಿದ ಕಡೆಯೇ ಕೂರುತ್ತದೆ. ನಾನು ತಂದದ್ದು 1 ಮಿಲಿಮೀಟರ್ ದಪ್ಪದ್ದು. ರೆಸಿನ್‌ನ ಪುಟ್ಟ ಪುಸ್ತಕ ಕಟ್ಟಿದೆ. ಮೇಜಿನ ಮೇಲೆ ಸರಿಯಾಗಿಯೇ ಇತ್ತು. ಕಿವಿಗೆ ಹಾಕಿಕೊಂಡು ಕನ್ನಡಿ ನೋಡಿದರೆ ಎರಡೂ ಪುಸ್ತಕ ಬಲಕ್ಕೇ ತಿರುಗಿವೆ! ಒಂದರ ಮುಖಪುಟ ಕೆನ್ನೆಯ ಕಡೆ, ಇನ್ನೊಂದರದ್ದು ಭುಜದ ಕಡೆ. ಬೆರಳಲ್ಲಿ ನೇರ ಮಾಡಿ ಕೈ ಬಿಟ್ಟೆ. ನಿಧಾನಕ್ಕೆ ತಿರುಗಿ ಮತ್ತೆ ಅಲ್ಲೇ ಹೋಗಿ ನಿಂತವು.

ಕಾರಣ ಹುರಿಯಲ್ಲೇ ಇದೆ. ಎಳೆಗಳನ್ನು ಒಂದೇ ದಿಕ್ಕಿಗೆ ಹೊಸೆದಿರುತ್ತಾರೆ. ಭಾರ ಬಿದ್ದಾಗ ಹುರಿ ಸ್ವಲ್ಪ ಬಿಚ್ಚಿಕೊಳ್ಳುತ್ತದೆ, ಜೊತೆಗೆ ಕೆಳಗಿರುವುದನ್ನೂ ತಿರುಗಿಸುತ್ತದೆ. ದಾರ ಉದ್ದ ಇದ್ದಷ್ಟೂ ತಿರುಗುವುದು ಜಾಸ್ತಿ. ಎರಡೂ ಕಿವಿಯದು ಒಂದೇ ಉಂಡೆಯ ದಾರವಾದ್ದರಿಂದ ಎರಡೂ ಒಂದೇ ಕಡೆ ತಿರುಗುತ್ತವೆ. ಜೋಡಿ ಓಲೆ ಅಂದಮೇಲೆ ಎಡ ಬಲ ಒಂದಕ್ಕೊಂದು ಹೊಂದಬೇಕು ಅಲ್ವಾ?

ದಾರವನ್ನು ಮಡಚಿ ಎರಡೆಳೆ ಮಾಡಿದೆ. ಅವು ಒಂದನ್ನೊಂದು ಸುತ್ತಿಕೊಂಡು ಓಲೆ ಗಿಡ್ಡವಾಯಿತು. ರಾತ್ರಿಯಿಡೀ ಭಾರ ಕಟ್ಟಿ ನೇತುಹಾಕಿದೆ. ಬೆಳಗ್ಗೆ ಸರಿಹೋಗಿತ್ತು. ಸ್ವಲ್ಪ ದಿನ ಡಬ್ಬಿಯಲ್ಲಿಟ್ಟು ತೆಗೆದರೆ ಹಳೇ ಚಾಳಿ. ಕೆಲಸ ಮಾಡಿದ್ದು ಒಂದೇ ಉಪಾಯ: ಪುಸ್ತಕದ ಎರಡೂ ತುದಿಗೆ ಒಂದೊಂದು ಸ್ಕ್ರೂ ಐ (ತಲೆಯಲ್ಲಿ ಉಂಗುರ ಇರುವ ಪುಟ್ಟ ತಿರುಪು) ಹಾಕಿ, ದಾರವನ್ನು ಅಗಲ ಬಿಟ್ಟು ಕಟ್ಟುವುದು. ಆದರೆ ಅಷ್ಟು ಸಣ್ಣ ವಸ್ತುವಿಗೆ ಎರಡು ತೂತು ಕೊರೆಯುವಾಗ ಅಂಚು ಸಿಡಿಯುತ್ತದೆ.

ಹೆಣೆದ ದಾರದಲ್ಲಿ ಈ ರಗಳೆ ಇಲ್ಲ. ಅರ್ಧ ಎಳೆ ಎಡಕ್ಕೆ, ಅರ್ಧ ಎಳೆ ಬಲಕ್ಕೆ ಹೋಗುವುದರಿಂದ ಎಳೆತ ಎಳೆತಕ್ಕೆ ವಜಾ. 0.8 ಮಿಲಿಮೀಟರ್ ಸಾಕು. ಜಾರುತ್ತದೆ, ನಿಜ. ಗಂಟು ಬಿಗಿದು, ತುದಿಯನ್ನು ಎರಡು ಮಿಲಿಮೀಟರ್ ಬಿಟ್ಟು ಕತ್ತರಿಸಿ, ಲೈಟರ್ ಜ್ವಾಲೆಯ ಬುಡದ ನೀಲಿ ಭಾಗಕ್ಕೆ ತೋರಿಸಿದರೆ ಕರಗಿ ಗುಂಡಗಾಗುತ್ತದೆ. ಹಳದಿ ತುದಿಗೆ ಹಿಡಿದರೆ ಮಸಿ ಹತ್ತಿ ಬಿಳಿ ದಾರ ಕೆಟ್ಟುಹೋಗುತ್ತದೆ. ಕರಗಿದ್ದನ್ನು ಬೆರಳಲ್ಲಿ ಒತ್ತಬೇಡಿ, ಚರ್ಮಕ್ಕೇ ಅಂಟುತ್ತದೆ.

ಸ್ಯಾಟಿನ್ ದಾರ? ಹೊಳಪಿದೆ, ಅಗ್ಗ. ಉಗುರು ತಾಗಿದರೆ ಎಳೆ ಕಿತ್ತು ಬರುತ್ತದೆ. ಸೂಪರ್ ಗ್ಲೂ ಹಾಕಿದರೆ ಸುತ್ತ ಬೆಳ್ಳಗಾಗಿ ಗಟ್ಟಿಯಾಗುತ್ತದೆ. ಉಡುಗೊರೆ ಪೊಟ್ಟಣ ಕಟ್ಟೋಕೆ ಇಟ್ಟುಕೊಂಡೆ.

ದುಡ್ಡಿನ ಲೆಕ್ಕದಲ್ಲಿ ನೈಲಾನ್ ಸ್ವಲ್ಪ ಜಾಸ್ತಿ. ನನಗೇನೋ ಸರಿಹೋಗುತ್ತದೆ. ಗಂಟಿಗೆ ಗೋಂದು ಹಚ್ಚಿ ಒಣಗಲಿ ಅಂತ ಕಾಯುವ ತಾಳ್ಮೆ ನನಗಿಲ್ಲ, ಇದನ್ನಾದರೆ ಕರಗಿಸಿದರೆ ಆಯಿತು. ಕೂತ ಕಡೆಯೇ ಜೋಡಿ ಮುಗಿಯಬೇಕು. ನಿಮ್ಮದು ಬರೀ ಚೆರ್ರಿ, ಚೆಂಡು, ಮಣಿ ತರಹದ ದುಂಡನೆಯವಾದರೆ ಮಾತ್ರ ಹುರಿ ದಾರವೇ ತಗೊಳ್ಳಿ. ಅವು ಎಷ್ಟು ತಿರುಗಿದರೂ ಯಾರಿಗೂ ಗೊತ್ತಾಗಲ್ಲ.