ಮೈಸೂರು ಅರಮನೆ: ಗೇಟಿನ ಗೈಡ್, ಫೋನಿನ ದನಿ, ಇತಿಹಾಸದ ಮೇಷ್ಟ್ರು

ಮೈಸೂರಿನ ಅಂಬಾವಿಲಾಸ ಅರಮನೆಯನ್ನು ಮೂರು ಬಗೆಯಲ್ಲಿ ನೋಡಿದ್ದಾಯಿತು: ಗೇಟಿನ ಹತ್ತಿರ ಸಿಗುವ ಗೈಡ್ ಜೊತೆ, ಫೋನಿಗೆ ಇಳಿಸಿಕೊಂಡ ಆಡಿಯೋ ಆ್ಯಪ್ ಜೊತೆ, ಇತಿಹಾಸ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರೊಬ್ಬರ ಜೊತೆ. ಹೆಚ್ಚು ದುಡ್ಡು ಹೋದದ್ದು ಮೇಷ್ಟ್ರಿಗೆ. ಮನೆಗೆ ನೆಂಟರು ಬಂದರೆ ಇನ್ನು ಮುಂದೆ ನಾನು ಫೋನ್ ಮಾಡುವುದೂ ಅವರಿಗೇ. ಟಿಕೆಟ್ ದರ, ತೆರೆಯುವ ಹೊತ್ತು ಎಲ್ಲ ಕಡೆ ಸಿಗುತ್ತದೆ, ಬಿಡಿ.

ಆ್ಯಪ್ ಅಗ್ಗ. ದನಿಯೂ ಚೆನ್ನಾಗಿತ್ತು, ವಿಷಯದಲ್ಲೂ ತಪ್ಪು ಕಾಣಲಿಲ್ಲ. ತೊಂದರೆ ಇದ್ದದ್ದು ಒಂದೇ, ಅದೇ ನನ್ನ ತಲೆ ಕೆಡಿಸಿತು. ಅರಮನೆಯೊಳಗೆ ನಾವು ನಡೆಯುವುದಿಲ್ಲ, ಜನ ನಮ್ಮನ್ನು ನಡೆಸುತ್ತಾರೆ. ಒಂದೇ ದಿಕ್ಕಿನ ದಾರಿ, ಪಕ್ಕಕ್ಕೆ ಹಗ್ಗ, ಹಿಂದೆ ಯಾವುದೋ ಶಾಲೆಯ ಪ್ರವಾಸದ ಮಕ್ಕಳು, ‘ಮುಂದೆ ನಡೀರಿ, ಮುಂದೆ ನಡೀರಿ’ ಅನ್ನುವ ಕಾವಲಿನವರು. ಫೋನಿನಲ್ಲಿರುವ ಹೆಂಗಸಿಗೆ ಇದ್ಯಾವುದೂ ಗೊತ್ತಿಲ್ಲ. ಕಲ್ಯಾಣ ಮಂಟಪದ ಅಧ್ಯಾಯ ಶುರುವಾಗಿ, ಎಂಟು ಮೂಲೆಯ ಮಂಟಪ ಎಂದು ಹೇಳಿ, ಸ್ವಲ್ಪ ಸಂಗೀತ ಬಂದು, ‘ಈಗ ಕತ್ತೆತ್ತಿ ನೋಡಿ, ಗಾಜಿನ ಮೇಲೆ ನವಿಲುಗಳು’ ಅನ್ನುವ ಹೊತ್ತಿಗೆ ನಾನು ಮಂಟಪ ದಾಟಿ ಯಾರದೋ ಬೆನ್ನು ನೋಡುತ್ತ ನಿಂತಿದ್ದೆ.

ನಿಲ್ಲಿಸಿ ಮುಂದಿನ ಅಧ್ಯಾಯಕ್ಕೆ ಹೋದರೆ ಅದು ನಾವಿನ್ನೂ ತಲುಪದ ದರ್ಬಾರ್ ಹಾಲ್. ಹಿಂದಕ್ಕೆ ಒತ್ತಿದರೆ ಅಧ್ಯಾಯದ ಮೊದಲಿಗೇ ಹೋಗುತ್ತದೆ, ಮತ್ತೆ ಅದೇ ಸಂಗೀತ. ಅರಮನೆ ನೋಡಲು ಹೋದವನು ಅರ್ಧ ಹೊತ್ತು ಫೋನಿನ ಪರದೆ ನೋಡಿದೆ. ಅಮ್ಮನ ಕಿವಿಯಲ್ಲಿ ಬೇರೆ ಅಧ್ಯಾಯ, ಅಕ್ಕನ ಕಿವಿಯಲ್ಲಿ ಮತ್ತೊಂದು. ಏನಾದರೂ ತೋರಿಸೋಣವೆಂದು ಅಮ್ಮನ ಕೈ ಮುಟ್ಟಿದರೆ, ಇಯರ್‌ಫೋನ್ ಹಾಕಿಕೊಂಡವರ ಜೋರು ದನಿಯಲ್ಲಿ ‘ಏನೋ?’ ಅನ್ನುತ್ತಿದ್ದರು. ಸುತ್ತಲಿನವರೆಲ್ಲ ತಿರುಗಿ ನೋಡೋರು. ಒಟ್ಟಿಗೆ ಹೋಗಿ ಒಬ್ಬರಿಗೊಬ್ಬರು ಮಾತಾಡದೆ ಬಂದೆವು.

ಗೇಟಿನ ಗೈಡ್ ವಿಚಾರ ಬೇರೆ. ಆತನಿಗೆ ಜನಜಂಗುಳಿಯ ನಾಡಿ ಗೊತ್ತು. ಚಿನ್ನದ ಅಂಬಾರಿಯ ಮುಂದೆ ಎಲ್ಲಿ ನಿಂತರೆ ತಲೆಗಳು ಅಡ್ಡ ಬರುವುದಿಲ್ಲ ಅನ್ನುವುದೂ ಗೊತ್ತು. ಒಂದೇ ಉಸಿರಿಗೆ ಕನ್ನಡ, ಹಿಂದಿ, ತಮಿಳು. ಹೇಳುವುದು ಮಾತ್ರ ಬರೀ ತೂಕ ಮತ್ತು ಬೆಲೆ: ಇಷ್ಟು ಕೆಜಿ ಚಿನ್ನ, ಇಷ್ಟು ಬೆಳ್ಳಿ, ಈ ಬಾಗಿಲಿಗೆ ಇವತ್ತಿನ ರೇಟು ಎಷ್ಟು. ಜೊತೆಗೆ, ಈ ಚಿತ್ರದ ಮಹಾರಾಜರ ಬೂಟು ನೀವು ಹೋದ ಕಡೆ ತಿರುಗುತ್ತದೆ ನೋಡಿ ಎಂಬ ಮಾತು. ಕೊನೆಗೆ ಪ್ರವಾಸ ಮುಗಿದದ್ದು ರೇಷ್ಮೆ ಸೀರೆಯ ಅಂಗಡಿಯಲ್ಲಿ. ಅಕ್ಕನಿಗೆ ಅದರಿಂದ ಬೇಸರವೇನೂ ಆಗಲಿಲ್ಲ ಅನ್ನುವುದನ್ನೂ ಹೇಳಬೇಕು.

ಮೇಷ್ಟ್ರು ಒಳಗೆ ಹೋಗುವ ಮೊದಲೇ ಅರ್ಧ ಕತೆ ಮುಗಿಸಿಬಿಟ್ಟರು, ಹೊರಗೆ ಮರದ ನೆರಳಲ್ಲಿ ನಿಂತು. ಒಳಗೆ ಮಾತಾಡಲು ಬಿಡುವುದಿಲ್ಲ ಅಂತ ಅವರಿಗೆ ಗೊತ್ತು. 1894ರಲ್ಲಿ ಹತ್ತನೇ ಚಾಮರಾಜ ಒಡೆಯರು ತೀರಿಕೊಂಡರು. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲೇ ಹಳೆಯ ಮರದ ಅರಮನೆಗೆ ಬೆಂಕಿ ಬಿತ್ತು. ಗಂಡ ಹೋಗಿ, ಮಗ ಇನ್ನೂ ಹುಡುಗ, ಮನೆಯೂ ಸುಟ್ಟುಹೋದ ಹೊತ್ತಿನಲ್ಲಿ ರಾಜ್ಯ ನೋಡಿಕೊಳ್ಳುತ್ತಿದ್ದವರು ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರು. ಹೆನ್ರಿ ಇರ್ವಿನ್‌ಗೆ ಹೊಸ ಅರಮನೆಯ ಕೆಲಸ ಒಪ್ಪಿಸಿದ್ದು ಅವರು. ಅದು ಮುಗಿದದ್ದು 1912ರಲ್ಲಿ, ಖರ್ಚು 41 ಲಕ್ಷ ರೂಪಾಯಿ ದಾಟಿತ್ತು. ‘ಒಳಗೆ ಹೋದಾಗ ಮರ ಎಲ್ಲಿದೆ, ಕಲ್ಲು ಕಬ್ಬಿಣ ಎಲ್ಲಿದೆ ನೋಡ್ತಾ ಹೋಗಿ ತಾಯಿ’ ಅಂದರು ಅಮ್ಮನಿಗೆ.

ಅಷ್ಟೇ ಸಾಕಾಯಿತು. ಕಲ್ಯಾಣ ಮಂಟಪದಲ್ಲಿ ಎಲ್ಲರೂ ನವಿಲು ನೋಡುತ್ತಿದ್ದರೆ ಅಮ್ಮ ಕಂಬ ನೋಡಿದರು. ಗ್ಲಾಸ್ಗೋದಲ್ಲಿ ಎರಕ ಹೊಯ್ದು ಹಡಗಿನಲ್ಲಿ ತಂದ ಕಬ್ಬಿಣದ ಕಂಬಗಳು ಅವು. ಬೆಂಕಿಯ ಕತೆ ಕೇಳಿ ಬಂದವರಿಗೆ ಆ ಕಂಬ ಬರೀ ಅಲಂಕಾರವಾಗಿ ಕಾಣುವುದಿಲ್ಲ. ಗೋಡೆಯ ಮೇಲಿನ ದಸರಾ ಮೆರವಣಿಗೆಯ ಚಿತ್ರಗಳನ್ನು ಫೋಟೋಗಳನ್ನು ಇಟ್ಟುಕೊಂಡು ಬರೆದರಂತೆ. ಹಾಗಾಗಿ ಅಲ್ಲಿರುವ ಎಷ್ಟೋ ಮುಖಗಳು ನಿಜವಾಗಿ ಬದುಕಿದ್ದವರವು. ಅಂಬಾರಿಯ ಮುಂದೆ ಕೆಜಿ ಲೆಕ್ಕ ಒಂದೇ ಸಾಲಿನಲ್ಲಿ ಮುಗಿಯಿತು: ಒಟ್ಟು ತೂಕ ಸುಮಾರು 750, ಒಳಗೆ ಮರ, ಮೇಲೆ ಚಿನ್ನದ ತಗಡು. ಆಮೇಲೆ ಮೇಷ್ಟ್ರು ಹೇಳಿದ್ದು ಅದರಲ್ಲಿರುವ ಕೆಂಪು, ಹಸಿರು ಪುಟ್ಟ ದೀಪಗಳ ಬಗ್ಗೆ. ಮೇಲೆ ಕೂತ ಮಹಾರಾಜರು ಮಾವುತನಿಗೆ ‘ನಿಲ್ಲು, ನಡಿ’ ಎಂದು ಸೂಚನೆ ಕೊಡಲು ಅವು. ಈಗ ಆ ಜಾಗದಲ್ಲಿ ಚಾಮುಂಡೇಶ್ವರಿ.

ಬೂಟಿನ ವಿಚಾರ ಕೇಳಿದೆ. ನಕ್ಕರು. ನೋಡುವವನ ಕಡೆಗೇ ನೇರವಾಗಿ ಚಾಚಿದ ಹಾಗೆ ಏನನ್ನು ಬರೆದರೂ, ಹಲಗೆ ಚಪ್ಪಟೆಯಾಗಿರುವುದರಿಂದ, ಎಲ್ಲಿಂದ ನೋಡಿದರೂ ನಮ್ಮ ಕಡೆಗೇ ಚಾಚಿದಂತೆ ಕಾಣುತ್ತದೆ. ಗೋಡೆಗೆ ಹಾಕಿದ ಕ್ಯಾಲೆಂಡರ್‌ನಲ್ಲೂ ಆಗುತ್ತದೆ, ಮನೆಗೆ ಹೋಗಿ ನೋಡಿ ಅಂದರು. ಅಕ್ಕನ ಮಗ ಇಡೀ ದಿನ ನೆನಪಿಟ್ಟುಕೊಂಡದ್ದು ಅದೊಂದನ್ನೇ.

ಮೇಷ್ಟ್ರ ಕಡೆಯಿಂದ ತಾಪತ್ರಯ ಇಲ್ಲ ಅಂತಲ್ಲ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಬರಬೇಕು, ಭಾನುವಾರ ಅವರು ಬರುವುದಿಲ್ಲ, ನಿಧಾನ. ಮಕ್ಕಳು ಐಸ್‌ಕ್ರೀಮ್ ಕೇಳಲು ಶುರುಮಾಡಿದರೆ ಗತಿ ಇಲ್ಲ. ನನಗೆ ಬೇಗ ಏಳುವ ಅಭ್ಯಾಸ ಇದೆ, ಒಂದು ಕಂಬದ ಮುಂದೆ ಹತ್ತು ನಿಮಿಷ ನಿಲ್ಲುವ ತಾಳ್ಮೆಯೂ ಇದೆ. ನಿಮಗೆ ಇಲ್ಲದಿದ್ದರೆ ಈ ದುಡ್ಡು ದಂಡ. ಇಡೀ ಮನೆಯವರು ಹಂಚಿಕೊಂಡಾಗ ತಲೆಗೆ ಬಿದ್ದದ್ದು ಒಂದು ಒಳ್ಳೆಯ ಊಟದಷ್ಟು. ಒಬ್ಬರೇ ಹೋದರೆ ಕೈ ಕಚ್ಚುತ್ತದೆ.

ಚಪ್ಪಲಿ ಹೊರಗೆ ಬಿಡಬೇಕು, ಮಧ್ಯಾಹ್ನ ನೆಲ ಸುಡುತ್ತದೆ. ಇದು ಮೂವರಿಗೂ ಒಂದೇ. ಭಾನುವಾರ ಸಂಜೆಯ ದೀಪಾಲಂಕಾರಕ್ಕೆ ಯಾವ ಗೈಡೂ ಬೇಡ, ಒಂದು ಲಕ್ಷದ ಹತ್ತಿರ ಬಲ್ಬುಗಳು ತಾವೇ ಮಾತಾಡುತ್ತವೆ.

ಒಂದು ಸಲ ಮಾತ್ರ ನಾನು ಗೇಟಿನ ಗೈಡನ್ನೇ ಹಿಡಿಯುತ್ತೇನೆ: ದಸರಾ ಸಮಯದಲ್ಲಿ. ಬಿಡಿಬಿಡಿಯಾಗಿ ಭದ್ರವಾಗಿಟ್ಟ ರತ್ನಸಿಂಹಾಸನವನ್ನು ಜೋಡಿಸಿ ಜನರಿಗೆ ತೋರಿಸುವುದು ಆಗಲೇ. ಆ ನೂಕುನುಗ್ಗಲಿನಲ್ಲಿ ಮೇಷ್ಟ್ರು ಕಾಲಿಡುವುದಿಲ್ಲ. ‘ಮೊದಲು ಸಿಂಹಾಸನ ನೋಡಿಬಿಡಿ, ಕತೆ ಆಮೇಲೆ ಹೇಳ್ತೀನಿ, ಜಗನ್ಮೋಹನ ಅರಮನೆಗೆ ಬನ್ನಿ’ ಅಂದಿದ್ದಾರೆ. ಬೆಂಕಿ ಬಿದ್ದ ಮೇಲೆ ರಾಜಮನೆತನದವರು ಇದ್ದದ್ದು ಅಲ್ಲಿ. ಅಲ್ಲಿ ಅಷ್ಟು ಗಲಾಟೆಯೂ ಇರುವುದಿಲ್ಲವಂತೆ.