ಅಂಗಳಕ್ಕೆ ಇಂಟರ್‌ಲಾಕ್: ಊರಿನ ಮೇಸ್ತ್ರಿಯೇ, ಪೇಟೆಯ ಗುತ್ತಿಗೆದಾರರೇ?

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕದ ಕಡೆ ಗೇಟಿನಿಂದ ಮನೆಯವರೆಗೆ ಒಂದಕ್ಕೊಂದು ಹೊಂದಿಕೊಳ್ಳುವ ಕಾಂಕ್ರೀಟ್ ಕಲ್ಲು, ಅಂದರೆ ಇಂಟರ್‌ಲಾಕ್ ಹಾಸಲು ಹೊರಟವರಿಗೆ ಎರಡು ದಾರಿ: ಊರಿನ ಮೇಸ್ತ್ರಿಗೆ ದಿನಗೂಲಿ ಕೊಟ್ಟು ಸಾಮಾನು ನಾವೇ ತರಿಸುವುದು, ಇಲ್ಲವೇ ಪೇಟೆಯ ಗುತ್ತಿಗೆದಾರರಿಗೆ ಚದರಡಿ ಲೆಕ್ಕದಲ್ಲಿ ಎಲ್ಲವನ್ನೂ ವಹಿಸುವುದು.

ಜೂನ್ ಮಳೆಯಲ್ಲಿ ನಮ್ಮ ಅಂಗಳದ ನೀರು ಎತ್ತ ಹರಿಯುತ್ತದೆಂದು ಮೇಸ್ತ್ರಿಗೆ ಗೊತ್ತು. ಕಲ್ಲು ಕುಸಿದರೆ ಮರುದಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಾ ಸಿಗುತ್ತಾರೆ. ಇದೂ ಒಂದು ಗ್ಯಾರಂಟಿಯೇ. ಆದರೆ ಕಂಪ್ಯಾಕ್ಟರ್ ಯಂತ್ರ ಬಾಡಿಗೆಗಾದರೂ ತರುತ್ತಾರೆಯೇ ಎಂದು ಕೇಳಿ. ತಳ ಗಟ್ಟಿಯಾಗದಿದ್ದರೆ ಕಾರಿನ ಚಕ್ರದ ಜಾಡು ಮೂಡುತ್ತದೆ.

ಗುತ್ತಿಗೆದಾರರ ಕೆಲಸ ಬೇಗ ಮುಗಿಯುತ್ತದೆ. ಮೋಸಕ್ಕೆ ಎಡೆಯಿರುವುದು ಕಣ್ಣಿಗೆ ಕಾಣದ ಕೆಳಪದರದಲ್ಲಿ. ಹಾಗಾಗಿ 60 ಮಿ.ಮೀ. ದಪ್ಪದ ಕಲ್ಲು (50 ಮಿ.ಮೀ.ಯದ್ದು ನಡೆದಾಡುವ ಜಾಗಕ್ಕೆ ಮಾತ್ರ), ಜಲ್ಲಿ ಪದರದ ದಪ್ಪ, ಅಂಚುಕಟ್ಟೆ, ಇಳಿಜಾರು ಎಲ್ಲವೂ ಕೊಟೇಶನ್‌ನಲ್ಲಿ ಬರೆದಿರಲಿ. ಅದು ಮಲಯಾಳದಲ್ಲಿದ್ದರೆ ಯಾರಿಂದಾದರೂ ಓದಿಸಿಕೊಂಡೇ ಸಹಿ ಹಾಕಿ. ಬರೆದುಕೊಡಲು ಹಿಂಜರಿಯುವವರನ್ನು ಅಲ್ಲಿಗೇ ಬಿಡಿ.

ಇಬ್ಬರಲ್ಲಿ ಯಾರಾದರೂ ಹೊಸ ಕೆಲಸದ ಫೋಟೋ ತೋರಿಸಿದರೆ ಮರುಳಾಗಬೇಡಿ. ಎರಡು ಮಳೆಗಾಲ ಕಂಡ ಅಂಗಳವನ್ನು ತೋರಿಸಲು ಹೇಳಿ. ಸಣ್ಣ ಅಂಗಳಕ್ಕೆ ನನ್ನ ಒಲವು ಮೇಸ್ತ್ರಿಯತ್ತ. ಅಡಿಕೆ ಸಾಗಿಸುವ ಲಾರಿಯೂ ಒಳಗೆ ಬರುವುದಾದರೆ 80 ಮಿ.ಮೀ. ಕಲ್ಲು, ಯಂತ್ರವಿರುವ ಗುತ್ತಿಗೆದಾರರೇ ಆಗಬೇಕು.